ನ್ಯಾನೋಸೆಕೆಂಡಿನ ಮೇಷ್ಟ್ರು

ನಿವೃತ್ತರಾದವರು ಸೈಟು ಕೊಳ್ಳುತ್ತಾರೆ, ಕಾಶಿಗೆ ಹೋಗುತ್ತಾರೆ, ಎರಡೂ ಆಗದಿದ್ದರೆ ಪಾರ್ಕಿನಲ್ಲಿ ಕೂತು ಸರ್ಕಾರ ಬೀಳಿಸುತ್ತಾರೆ. ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸಿ ಹೊರಬಿದ್ದ ನಾನು ಮಾತ್ರ, ವಿದ್ಯುತ್ತಿನ ಅಲೆಯನ್ನು ತೆರೆಯ ಮೇಲೆ ಬರೆದು ತೋರಿಸುವ ಒಂದು ಆಸಿಲೋಸ್ಕೋಪನ್ನು ಮನೆಗೆ ತಂದೆ. ಟೆಕ್ಟ್ರಾನಿಕ್ಸ್ 545ಎ. ಅಮೆರಿಕದ ಆರೆಗಾನ್ ರಾಜ್ಯದಲ್ಲಿ 1960ರ ಆಸುಪಾಸಿನಲ್ಲಿ ತಯಾರಾಗುತ್ತಿದ್ದ ಮಾದರಿ. ತೂಕ ಹೆಚ್ಚುಕಡಿಮೆ 30 ಕೆ.ಜಿ. ಒಳಗೆ ಡಜನ್‌ಗಟ್ಟಲೆ ವಾಲ್ವುಗಳು. ಸ್ವಿಚ್ ಹಾಕಿದರೆ 500 ವಾಟ್‌ಗೂ ಮಿಕ್ಕಿ ಕರೆಂಟು ಕುಡಿಯುತ್ತದೆ. ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಎಡಕ್ಕೂ ಬಲಕ್ಕೂ ಪವರ್‌ಲೂಮುಗಳೇ ಇರುವುದರಿಂದ ಸದ್ದಿಗೆ ಯಾರೂ ಬೆಚ್ಚುವವರಲ್ಲ. ಆದರೂ ಅದರ ಫ್ಯಾನು ಶುರುವಾದ ದಿನ ಪಕ್ಕದ ಮನೆಯ ನೇಕಾರರು ಗೋಡೆಯಾಚೆಯಿಂದ ಕೂಗಿದರು: "ಏನ್ ಮೇಷ್ಟ್ರೇ, ನೀವೂ ಮಗ್ಗ ಹಾಕಿದ್ರಾ?"

ಸ್ಕೋಪಿಗೆ ಒಂದೇ ಕೊರತೆ. ಅದರ ಓಟ 30 ಮೆಗಾಹರ್ಟ್ಸ್‌ಗೆ ಮುಗಿಯುತ್ತದೆ. ನಮ್ಮೂರಿಂದ ಉತ್ತರಕ್ಕೆ ರಸ್ತೆ ಹಿಡಿದರೆ ಗೌರಿಬಿದನೂರು. ಅಲ್ಲಿ 1000 ಡೈಪೋಲ್ ಆಂಟೆನಾಗಳನ್ನು ಟಿ ಆಕಾರದಲ್ಲಿ ನಿಲ್ಲಿಸಿ, ಆಕಾಶದ ಸದ್ದನ್ನು 34.5 ಮೆಗಾಹರ್ಟ್ಸ್‌ನಲ್ಲಿ ಹಿಡಿಯುವ ರೇಡಿಯೊ ದೂರದರ್ಶಕವನ್ನು 1970ರ ದಶಕದಲ್ಲೇ ಕಟ್ಟಿದ್ದರು. ಅಂದರೆ ನನ್ನ ಸ್ಕೋಪು ಪಕ್ಕದೂರಿನ ಆಕಾಶಕ್ಕೂ ನಾಲ್ಕೂವರೆ ಮೆಗಾಹರ್ಟ್ಸ್ ಸಾಲದು! ಈ ಅವಮಾನ ನನ್ನ ನಿದ್ದೆ ಕೆಡಿಸಿತು. ಆ ದೂರದರ್ಶಕದವರು ನನ್ನ ಸ್ಕೋಪನ್ನು ಕೇಳಿರಲೇ ಇಲ್ಲ ಎಂಬುದು ಬೇರೆ ಮಾತು.

ಹೀಗಿರುವಾಗ ಬೆಂಗಳೂರಿನ ಎಸ್.ಪಿ. ರೋಡಿನ ಒಂದು ಗುಜರಿ ಅಂಗಡಿಯಲ್ಲಿ, ಸತ್ತ ಸ್ಟೆಬಿಲೈಜರುಗಳ ರಾಶಿಯ ಅಡಿಯಿಂದ ನೀಲಿ ಅಕ್ಷರದ ಒಂದು ಮುಖ ನನ್ನತ್ತ ನೋಡಿತು. ಟೆಕ್ಟ್ರಾನಿಕ್ಸ್ 'ಟೈಪ್ ಎನ್'. 1960ರಲ್ಲಿ ಬಂದ ಸ್ಯಾಂಪ್ಲಿಂಗ್ ಪ್ಲಗ್-ಇನ್. ನನ್ನ ಸ್ಕೋಪಿನ ಮುಂದಿನ ಖಾನೆಗೆ ತಳ್ಳಿದರೆ ಸಾಕು, 30 ಮೆಗಾಹರ್ಟ್ಸ್‌ನ ಮುದುಕ 600 ಮೆಗಾಹರ್ಟ್ಸ್‌ನ ಹುಡುಗನಾಗುತ್ತಾನೆ. ನನ್ನ ಕೈ ನಡುಗಿದ್ದನ್ನು ಅಂಗಡಿಯವರು ಕಂಡರು. ಬೆಲೆ ಅಲ್ಲೇ ಏರಿತು. ಕೊಟ್ಟದ್ದೆಷ್ಟು ಎಂಬುದನ್ನು ಮನೆಯಲ್ಲಿ ಹೇಳುವಾಗ, ಸಂಸಾರದ ಹಿತದೃಷ್ಟಿಯಿಂದ, ಕೊನೆಯ ಸೊನ್ನೆಯೊಂದನ್ನು ಬಿಟ್ಟು ಹೇಳಿದೆ.

ಈ ಪೆಟ್ಟಿಗೆಯ ಜಾಣತನ ಹೀಗಿದೆ. ವೇಗವಾಗಿ ಓಡುವ ಅಲೆಯನ್ನು ಅದು ಬೆನ್ನಟ್ಟುವುದೇ ಇಲ್ಲ. ಒಂದೇ ಅಲೆ ಮತ್ತೆ ಮತ್ತೆ ಬರುತ್ತಿದೆ ಎಂದುಕೊಳ್ಳಿ. ಮೊದಲನೆಯದು ಬಂದಾಗ ಅದರ ಒಂದು ಬಿಂದುವನ್ನಷ್ಟೇ ಚಿವುಟಿ ತೆರೆಯ ಮೇಲೆ ಚುಕ್ಕೆ ಇಡುತ್ತದೆ. ಎರಡನೆಯದು ಬಂದಾಗ ಕೂದಲೆಳೆಯಷ್ಟು ತಡಮಾಡಿ, ಪಕ್ಕದ ಬಿಂದುವನ್ನು ಚಿವುಟುತ್ತದೆ. ಹೀಗೆ ಚುಕ್ಕೆಗೆ ಚುಕ್ಕೆ ಸೇರಿ ಪೂರ್ತಿ ಅಲೆಯ ಚಿತ್ರ ಮೂಡುತ್ತದೆ. ಚಿವುಟುವ ಡಯೋಡು ಚುರುಕಾಗಿದ್ದರೆ ಸಾಕು; ಮಿಕ್ಕ ಸ್ಕೋಪು ತನ್ನ ಪಾಡಿಗೆ ಆಕಳಿಸುತ್ತ ಕೆಲಸ ಮಾಡಬಹುದು. ನನ್ನ ಸರ್ವಿಸಿನಲ್ಲಿ ನಾನೂ ಬಹುಕಾಲ ಇದೇ ತತ್ವದ ಮೇಲೆ ನಡೆದವನಾದ್ದರಿಂದ ಪೆಟ್ಟಿಗೆ ತಕ್ಷಣ ಆಪ್ತವೆನಿಸಿತು.

ಆದರೆ ಟೈಪ್ ಎನ್‌ಗೆ ಒಂದು ಗತ್ತಿದೆ. ಅಲೆ ಬರುವ ಸುಮಾರು 45 ನ್ಯಾನೋಸೆಕೆಂಡು ಮೊದಲೇ 'ಬರ್ತಾ ಇದೆ' ಎಂದು ಅದಕ್ಕೆ ಸುದ್ದಿ ಮುಟ್ಟಬೇಕು. ಮುಟ್ಟದಿದ್ದರೆ ತೆರೆ ಖಾಲಿ. ಹಾಗಾಗಿ ಅಲೆಯನ್ನು ಸುತ್ತುದಾರಿಯಲ್ಲಿ ಕಳಿಸಿ ತಡಮಾಡಿಸಬೇಕು. ಕೋಆಕ್ಸಿಯಲ್ ಕೇಬಲಿನಲ್ಲಿ ಅಲೆ ಒಂದು ನ್ಯಾನೋಸೆಕೆಂಡಿಗೆ 20 ಸೆಂಟಿಮೀಟರ್ ಓಡುತ್ತದೆ. 45 ನ್ಯಾನೋಸೆಕೆಂಡಿಗೆ 9 ಮೀಟರ್ ಕೇಬಲ್ ಬೇಕು. ಕೇಬಲ್ ಟಿವಿ ಹುಡುಗ ಒಂದು ಸುರುಳಿಯನ್ನು ಪುಕ್ಕಟೆ ಕೊಟ್ಟ. ಅದು ಹಜಾರದಿಂದ ಹೊರಟು, ದೇವರ ಮನೆ ಬಳಸಿ, ಅಡುಗೆಮನೆಯ ಹೊಸ್ತಿಲು ದಾಟಿ ವಾಪಸ್ ಬಂತು. "ರೀ, ಇದನ್ನ ಎಡವಿ ನಾನು ಬಿದ್ರೆ ಅದೂ ನಿಮ್ಮ ತೆರೆ ಮೇಲೆ ಕಾಣುತ್ತಾ?" ಎಂದು ಹೆಂಡತಿ ಕೇಳಿದಳು. ಮತ್ತೆ ಮತ್ತೆ ಬಿದ್ದರೆ ಕಾಣುತ್ತದೆ ಎಂದೆ. ಆ ರಾತ್ರಿ ಸಾರಿಗೆ ಉಪ್ಪಿರಲಿಲ್ಲ.

2ಎನ್2369 ಎಂಬ ಪುಟ್ಟ ಟ್ರಾನ್ಸಿಸ್ಟರನ್ನು ಅದರ ಮಿತಿ ಮೀರಿ ಕೆಣಕಿದರೆ ಅದು ನ್ಯಾನೋಸೆಕೆಂಡಿಗೂ ಕಡಿಮೆ ಹೊತ್ತಿನಲ್ಲಿ ಸಿಡಿಯುತ್ತದೆ. ಆ ಸಿಡಿತವನ್ನು ತಗ್ಗಿಸಿ ಪೆಟ್ಟಿಗೆಗೆ ಕೊಟ್ಟೆ. ತೆರೆಯ ಮೇಲೆ ಹಸಿರು ಚುಕ್ಕೆಗಳು ಸಾಲಾಗಿ ಎದ್ದು ನಿಂತವು. ಅಷ್ಟೇ ಅಲ್ಲ, ಅಲೆ ಮುಗಿದ ಮೇಲೆ ಕೊಂಚ ದೂರದಲ್ಲಿ ಇನ್ನೊಂದು ಮರಿ ಅಲೆ! ಯಾವ ಪುಸ್ತಕದಲ್ಲೂ ಇಲ್ಲದ್ದು ನನ್ನ ಹಜಾರದಲ್ಲಿ ಕಂಡಿದೆ ಎಂದು ಮೈ ಜುಮ್ಮೆಂದಿತು. ಬೆಂಗಳೂರಿನಲ್ಲಿರುವ ಹಳೆಯ ಶಿಷ್ಯನಿಗೆ ಫೋನ್ ಮಾಡಿ ಗಂಭೀರವಾಗಿ ವರ್ಣಿಸಿದೆ.

"ಸಾರ್, ಕೇಬಲ್ ಟಿವಿದಾ?" ಎಂದ.

"ಹೌದು, ಅದಕ್ಕೇನೀಗ?"

"ಟಿವಿ ಕೇಬಲ್ 75 ಓಮ್. ನಿಮ್ಮ ಪೆಟ್ಟಿಗೆ 50 ಓಮ್. ಎರಡೂ ತುದೀಲಿ ಐದರಲ್ಲೊಂದು ಭಾಗ ವಾಪಸ್ ಬರುತ್ತೆ ಸಾರ್. ಎರಡು ಸಲ ತಿರುಗಿ ಬಂದಿದ್ದು ಇಪ್ಪತ್ತೈದರಲ್ಲೊಂದು ಭಾಗ. ನಿಮ್ಮ ಮರಿ ಅಲೆ ಅದೇ." ಸ್ವಲ್ಪ ಹೊತ್ತು ಸುಮ್ಮನಿದ್ದು ಸೇರಿಸಿದ: "ಈ ಪ್ರಶ್ನೆಗೇ ಸಾರ್ ನೀವು ನನ್ನ ಫೇಲ್ ಮಾಡಿದ್ದು."

ಇಷ್ಟಕ್ಕೇ ನಿಂತಿದ್ದರೆ ಮಾನ ಮನೆಯೊಳಗೇ ಉಳಿಯುತ್ತಿತ್ತು. ಆದರೆ ಸೆಕೆಂಡಿನ ನೂರು ಕೋಟಿಯಲ್ಲೊಂದು ಪಾಲನ್ನು ಕಾಣಿಸುವ ಯಂತ್ರ ಮೇಷ್ಟ್ರ ಮನೆಗೆ ಬಂದಿದೆ ಎಂಬ ಸುದ್ದಿ ಬೀದಿಗೆಲ್ಲ ಹಬ್ಬಿತ್ತು, ಹಬ್ಬಿಸಿದವನು ನಾನೇ. ಪಕ್ಕದ ಮನೆಯ ನೇಕಾರರು ಬಂದರು. "ಮೇಷ್ಟ್ರೇ, ಒಂದ್ ಮಗ್ಗದ ಮೋಟ್ರು ದಿನಕ್ಕೊಂದ್ಸಲ ತಂತಾನೇ ನಿಂತೋಯ್ತದೆ. ಸೀರೆ ಅರ್ಧಕ್ಕೇ ನಿಲ್ತೈತೆ. ನಿಮ್ಮ ಪೆಟ್ಟಿಗೇಲಿ ವಸಿ ನೋಡ್ತೀರಾ?"

ನೋಡಲಾಗದು ಎನ್ನುವುದಕ್ಕೆ ಬೇಕಾದ ಪ್ರಾಮಾಣಿಕತೆ ಆ ಕ್ಷಣಕ್ಕೆ ಒದಗಲಿಲ್ಲ. ಇಬ್ಬರು ಹುಡುಗರು ಸ್ಕೋಪನ್ನು ಹೊತ್ತರು. ಕೇಬಲ್ ಸುರುಳಿಯನ್ನು ಹೆಗಲಿಗೆ ಹಾಕಿಕೊಂಡು ನಾನು ಹಿಂದೆ ನಡೆದೆ. ದಾರಿಯಲ್ಲಿ ಯಾರೋ "ಯಾವ ದೇವ್ರು?" ಎಂದು ಕೇಳಿದರು.

ಶೆಡ್ಡಿನಲ್ಲಿ ಲಾಳಿಗಳು ಅತ್ತಿತ್ತ ಬಡಿಯುತ್ತಿದ್ದವು. ಮಗ್ಗದ ಬೋರ್ಡಿನಲ್ಲೇ ಪ್ಲಗ್ ಚುಚ್ಚಿ ಸ್ವಿಚ್ ಅದುಮಿದೆ. ಫ್ಯೂಸ್ ಹಾರಿತು. ದಿನಕ್ಕೊಮ್ಮೆ ಒಂದು ಮಗ್ಗ ನಿಲ್ಲುತ್ತಿದ್ದ ಜಾಗದಲ್ಲಿ ಅಷ್ಟೂ ಮಗ್ಗಗಳು ಒಟ್ಟಿಗೆ ನಿಂತವು. ಗದ್ದಲವೇ ಉಸಿರಾಗಿದ್ದ ಶೆಡ್ಡಿನಲ್ಲಿ ಏಕಾಏಕಿ ಮೌನ. ಎಲ್ಲರೂ ನನ್ನನ್ನೇ ನೋಡಿದರು.

ಫ್ಯೂಸ್ ಕಟ್ಟಿ, ಸ್ಕೋಪಿಗೆ ಬೇರೆ ಲೈನು ಕೊಟ್ಟ ಮೇಲೆ ಚುಕ್ಕೆಗಳೇನೋ ಬಂದವು, ಮಗ್ಗಕ್ಕೆ ಸಂಬಂಧಪಟ್ಟ ಒಂದು ಚುಕ್ಕೆಯೂ ಅದರಲ್ಲಿರಲಿಲ್ಲ. ಕೊನೆಗೆ ವಿವರಿಸಬೇಕಾಯಿತು: ಇದು ಮತ್ತೆ ಮತ್ತೆ ಆಗುವುದನ್ನು ಮಾತ್ರ ತೋರಿಸುತ್ತದೆ, ಒಂದು ಸಲ ಆಗಿ ಹೋದದ್ದು ಇದರ ಲೆಕ್ಕಕ್ಕಿಲ್ಲ. "ನಿಮ್ಮ ಮೋಟರು ಸೆಕೆಂಡಿಗೆ ಸಾವಿರಾರು ಸಲ ನಿಂತರೆ ಖಂಡಿತ ಹಿಡಿದುಕೊಡ್ತೀನಿ" ಎಂದೆ.

"ಅಷ್ಟು ಸಲ ನಿಂತ್ರೆ ನಾನು ಸೀರೆ ಯಾವಾಗ ನೇಯೋದು ಮೇಷ್ಟ್ರೇ?"

ಅವರು ಎದ್ದು ಹೋಗಿ ಮೋಟರಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತರು. ಪುಲ್ಲಿಯ ಮೇಲೆ ಸೀಮೆಸುಣ್ಣದಲ್ಲಿ ಕೂಡುವ ಗುರುತಿನಂತೆ ನಾಲ್ಕು ಗೆರೆ ಎಳೆದಿತ್ತು. ಸೀಮೆಸುಣ್ಣ ನನ್ನಿಂದಲೇ ಇಸಿದುಕೊಂಡದ್ದು. ಮೇಲೆ ಚೋಕ್ ಇರುವ ಒಂದು ಹಳೆಯ ಟ್ಯೂಬ್‌ಲೈಟು. ಶೆಡ್ಡಿನಲ್ಲಿ ಉಳಿದವೆಲ್ಲ ಎಲ್‌ಇಡಿ. "ಇದೊಂದನ್ನೂ ಬದಲಾಯಿಸ್ರೀ, ಕರೆಂಟು ಉಳಿಸಿ" ಎಂದು ಅವರಿಗೆ ಉಪದೇಶ ಮಾಡುತ್ತಿದ್ದವನೂ ನಾನೇ.

"ನೋಡಿ, ಗೆರೆ ಮೆತ್ತಗೆ ಹಿಂದುಕ್ಕೆ ತಿರುಗ್ತಾ ಇದ್ರೆ ಮೋಟ್ರು ಸುಖವಾಗೈತೆ ಅಂತ. ಈಗ ನೋಡಿ, ಜೋರಾಗಿ ಹಿಂದುಕ್ಕೆ ಓಡ್ತಾ ಐತೆ. ಒಳಗೆಲ್ಲೋ ಹಿಡೀತಾ ಐತೆ. ಬೇರಿಂಗು ಒಣಗಿರಬೇಕು." ಗ್ರೀಸು ತಂದು ಹಾಕಿದರು. ಗೆರೆಗಳು ನಿಧಾನಕ್ಕೆ ಬಂದವು. ಆ ಮೋಟರು ಆಮೇಲೆ ನಿಲ್ಲಲಿಲ್ಲ.

ನಾನು ಬಾಯಿ ಬಿಟ್ಟುಕೊಂಡು ನಿಂತಿದ್ದೆ. ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ಚೋಕಿನ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿನುಗುತ್ತದೆ. ಮೋಟರು ನಿಮಿಷಕ್ಕೆ 1500 ಸುತ್ತು ತಿರುಗಿದ್ದರೆ ಎರಡು ಮಿನುಗಿನ ನಡುವೆ ಪುಲ್ಲಿ ಸರಿಯಾಗಿ ಕಾಲು ಸುತ್ತು ಹೋಗಿ, ನಾಲ್ಕು ಗೆರೆಗಳು ನಿಂತಂತೆ ಕಾಣುತ್ತಿದ್ದವು. ನಿಜದಲ್ಲಿ ಅದು 1440ರ ಹತ್ತಿರ ತಿರುಗುವುದರಿಂದ ಪ್ರತಿ ಮಿನುಗಿಗೂ ಗೆರೆ ತುಸು ಹಿಂದುಳಿಯುತ್ತದೆ. ನಿಮಿಷಕ್ಕೆ 60 ಸುತ್ತು ಹಿಂದಕ್ಕೆ ಹೋದಂತೆ ತೋರುತ್ತದೆ. ಭಾರ ಬಿದ್ದಷ್ಟೂ ಹಿಂದೋಟ ಜೋರು. ಚಿವುಟಿ, ತಡಮಾಡಿ, ಮತ್ತೆ ಚಿವುಟುವ ಅದೇ ವಿದ್ಯೆ! ಫ್ರಾನ್ಸಿನ ಜೂಬೇರ್ ಎಂಬ ವಿಜ್ಞಾನಿ 1880ರಲ್ಲೇ ಎಸಿ ಕರೆಂಟಿನ ಅಲೆಯನ್ನು ಹೀಗೆ ಬಿಂದು ಬಿಂದುವಾಗಿ ಹಿಡಿದಿದ್ದರು ಎಂಬಲ್ಲಿಂದ ಹಿಡಿದು, ನಮ್ಮಿಬ್ಬರ ಉಪಕರಣವೂ ಒಂದೇ ಜಾತಿಯದು ಎಂಬವರೆಗೆ ಉತ್ಸಾಹದಿಂದ ಪಾಠ ಮಾಡಿದೆ.

ಅವರು ಕೊನೆಯವರೆಗೂ ಕೇಳಿಸಿಕೊಂಡು, ಕೈಯ ಗ್ರೀಸು ಒರೆಸುತ್ತ, "ಹಂಗಾರೆ ನಮ್ಮ ಟ್ಯೂಬ್‌ಲೈಟೇ ಸಾಕಾಗಿತ್ತಲ್ಲ. ಅದಿರ್ಲಿ, ನಿಮ್ದು ಎಷ್ಟಾಯ್ತು ಮೇಷ್ಟ್ರೇ?" ಎಂದರು.

ಫ್ಯೂಸ್ ಹಾರಿದ್ದು ಕೇಳಿ ಓಡಿಬಂದಿದ್ದ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ನಾನು ಕೆಮ್ಮಿದೆ.

ಅವಳು ಅಲ್ಲಿ ಏನೂ ಕೇಳಲಿಲ್ಲ. ಮಾರನೆಯ ದಿನ ಕಾಫಿ ಕೊಡುವಾಗ, "ಆವತ್ತು ಆಟೊಗೆ ಎಷ್ಟು ಕೊಟ್ರಿ?" ಎಂದಳು. ಆಮೇಲೊಂದು ದಿನ ಬಟ್ಟೆ ಮಡಚುತ್ತ, "ಪೆನ್ಷನ್ ಯಾವತ್ತು ಬಿಡಿಸಿದ್ರಿ?" ಇನ್ನೊಂದು ದಿನ ಹುರುಳಿಕಾಯಿ ಬಿಡಿಸುತ್ತ, "ಅಂಗಡಿಯವ್ರು ನೋಟು ತಗೊಂಡ್ರಾ, ಫೋನಲ್ಲಿ ಕಳ್ಸಿದ್ರಾ?" ಒಂದೊಂದು ಸಲಕ್ಕೆ ಒಂದೇ ಚುಕ್ಕೆ. ಅಲೆ ಪ್ರತಿ ಸಲವೂ ಒಂದೇ ಥರ ಬರಬೇಕು ಎಂಬ ಷರತ್ತನ್ನು ನಾನು ಪೂರೈಸಿಕೊಟ್ಟೆ: ಪ್ರತಿ ಪ್ರಶ್ನೆಗೂ ಒಂದೇ ಥರ ತಡವರಿಸಿದೆ.

ಕೊನೆಗೊಂದು ಸಂಜೆ ಅವಳು ಮೊತ್ತ ಹೇಳಿದಳು, ಸೊನ್ನೆಗಳ ಸಮೇತ. ಹದಿನೈದು ರೂಪಾಯಿ ಮಾತ್ರ ತಪ್ಪಿತ್ತು. ಇಷ್ಟಾದರೂ ಉಳಿಯಿತಲ್ಲ ಎಂದು ನಾನು ಮುದ್ದೆ ಮುರಿಯುತ್ತಿದ್ದಾಗ, ಸಾರು ಬಡಿಸುತ್ತ ಕೇಳಿದಳು:

"ಅಲ್ಲಾ ರೀ, ಎಸ್.ಪಿ. ರೋಡಲ್ಲಿ ಅಷ್ಟು ಹೊತ್ತು ಇದ್ರಲ್ಲ, ಒಂದು ಟೀನೂ ಕುಡೀಲಿಲ್ವಾ?"