ದಂತಮಲಮೀಮಾಂಸೆ: ಪ್ರಥಮಾಧ್ಯಾಯ

ಶಾಸ್ತ್ರಾರಂಭದಲ್ಲಿ ಅನುಬಂಧಚತುಷ್ಟಯವನ್ನು ಹೇಳತಕ್ಕದ್ದು. ಲೋಕವು ಹಲ್ಲಿನ ಪಾಚಿ ಎಂದು ಕರೆದು ದಿನವೂ ಬೆಳಿಗ್ಗೆ ಉಗುಳುವ ದ್ರವ್ಯವೇ ವಿಷಯ. ಅದರಲ್ಲಿರುವ ಬ್ಯಾಕ್ಟೀರಿಯಾಗಳ ಜಾತಿನಿರ್ಣಯವೇ ಪ್ರಯೋಜನ. ಸಂಬಂಧವು ಸ್ವಯಂಸಿದ್ಧ. ಬಾಯಿಯುಳ್ಳವರೆಲ್ಲರೂ ಅಧಿಕಾರಿಗಳು, ಬೊಚ್ಚುಬಾಯಿಯವರಿಗೆ ಜಿಹ್ವಾಖಂಡದಲ್ಲಿ ಮಾತ್ರ ಅಧಿಕಾರ.

ಆದ್ಯಪ್ರವರ್ತಕನು ಹಾಲೆಂಡಿನ ಡೆಲ್ಫ್ಟ್ ನಗರದ ಬಟ್ಟೆ ವ್ಯಾಪಾರಿ ಲೇವೆನ್‌ಹುಕ್. 1683ರಲ್ಲಿ ಆತನು ಸ್ವಕೀಯ ದಂತಮಲವನ್ನು ಮಳೆನೀರಿನಲ್ಲಿ ಕದಡಿ, ಮಸೂರದಡಿ ಚಲಿಸುವ ಜೀವಿಗಳನ್ನು ಕಂಡು, ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರಮುಖೇನ ನಿವೇದಿಸಿದನು.

1. ಲಕ್ಷಣ. 16ಎಸ್ ಎಂಬ ವಂಶವಾಹಿಯಲ್ಲಿ ಸುಮಾರು 1,500 ಅಕ್ಷರಗಳಿವೆ. ಜ್ಞಾತ ಜಾತಿಗಳೊಡನೆ ಶೇ. 98.5ರಷ್ಟು ಸಾಮ್ಯವೂ ಇಲ್ಲದಿರುವುದು ನವಜಾತಿ. ಅಂದರೆ 22 ಅಕ್ಷರಭೇದವುಳ್ಳದ್ದು ಸಜಾತೀಯ, 23 ಉಳ್ಳದ್ದು ವಿಜಾತೀಯ. ಇಪ್ಪತ್ತೆರಡೂವರೆ ಅಕ್ಷರಭೇದವು ಅಸಂಭವವಾದ್ದರಿಂದ ಸಂಶಯಕ್ಕೆ ಎಡೆಯಿಲ್ಲ.

ಪೂರ್ವಪಕ್ಷ: ಸ್ಟ್ರೆಪ್ಟೊಕಾಕಸ್ ಮೈಟಿಸ್, ನ್ಯುಮೋನಿಯೇ ಇವುಗಳಲ್ಲಿ ಶೇ. 99ಕ್ಕೂ ಮಿಕ್ಕ ಸಾಮ್ಯವಿದ್ದೂ ಜಾತಿಗಳು ಬೇರೆ, ಆದುದರಿಂದ ಅವ್ಯಾಪ್ತಿದೋಷ. ಸಮಾಧಾನ: ಅಂಥಲ್ಲಿ ಸಮಗ್ರ ವಂಶವಾಹಿಸಮೂಹವನ್ನೇ ಹೋಲಿಸತಕ್ಕದ್ದು.

2. ಸ್ಥಾನಭೇದ.
(ಅ) ದಂತಸ್ಥ: ಹುಳುಕಿಗೆ ಕಾರಣವಾಗುವ ಸ್ಟ್ರೆಪ್ಟೊಕಾಕಸ್ ಮ್ಯೂಟಾನ್ಸ್.
(ಆ) ಜಿಹ್ವಾಸ್ಥ: ಸ್ಟ್ರೆಪ್ಟೊಕಾಕಸ್ ಸಲಿವೇರಿಯಸ್. ಹೆಸರು ಜೊಲ್ಲಿನದು, ಮುಖ್ಯ ವಾಸ ನಾಲಿಗೆಯಲ್ಲಿ. ವ್ಯುತ್ಪತ್ತಿಯಿಂದ ವಿಳಾಸವು ಸಿದ್ಧಿಸದು.
(ಇ) ವಸಡಿನಡಿಯದು: ಗಾಳಿಯನ್ನು ಸಹಿಸದ ಪೋರ್ಫಿರೊಮೊನಾಸ್ ಜಿಂಜಿವಾಲಿಸ್.
(ಈ) ನಿವಾಸಿನಿವಾಸಿ: ಇತರ ಬ್ಯಾಕ್ಟೀರಿಯಾದ ಮೈಮೇಲೆ ಬದುಕುವ ಟಿಎಂ7 ಕುಲದ್ದು. ಇದಕ್ಕೆ ಬಾಯಿಯು ಮನೆಯಲ್ಲ, ಊರು.

3. ವರ್ಣಭೇದ. 1998ರಲ್ಲಿ ಸೊಕ್ರಾನ್ಸ್ಕಿ ಮತ್ತು ಸಂಗಡಿಗರು ವಸಡಿನಡಿಯ ಜೀವಿಗಳನ್ನು ಕೆಂಪು, ಕಿತ್ತಳೆ, ಹಳದಿ, ಹಸಿರು, ನೇರಳೆ ಮುಂತಾದ ಗಣಗಳಾಗಿ ವಿಂಗಡಿಸಿದರು. ವಸಡಿನ ರೋಗದೊಡನೆ ನಿಕಟವಾದ ಮೂರು ಜಾತಿಗಳು ರಕ್ತಗಣದವು. ಈ ವರ್ಣವು ದ್ರವ್ಯನಿಷ್ಠವಲ್ಲ, ನಕ್ಷಾನಿಷ್ಠ.

4. ನಾಮಭೇದ. ದ್ವಿವಿಧ: ಸನಾಮ, ಅನಾಮ. ಜೀವಂತ ತಳಿಯನ್ನು ಎರಡು ದೇಶಗಳ ಸಂಗ್ರಹಾಲಯಗಳಲ್ಲಿ ಠೇವಣಿಯಿಟ್ಟು ವಿಧಿವತ್ತಾಗಿ ಪ್ರಕಟಿಸಿದರೆ ಸನಾಮ. ಪ್ರಯೋಗಶಾಲೆಯಲ್ಲಿ ಬೆಳೆಯಲೊಪ್ಪದವು ಸಂಖ್ಯೆಯಿಂದಲೇ ನಿರ್ದೇಶ್ಯ. ಸನಾಮಗಳಿಗೂ ನೆಮ್ಮದಿಯಿಲ್ಲ. ಸ್ಟ್ರೆಪ್ಟೊಕಾಕಸ್ ಸ್ಯಾಂಗ್ವಿಸ್, ಎಂದರೆ ‘ರಕ್ತ’, 1997ರಲ್ಲಿ ಲ್ಯಾಟಿನ್ ವ್ಯಾಕರಣದ ಒತ್ತಾಯಕ್ಕೆ ಸ್ಯಾಂಗ್ವಿನಿಸ್, ಎಂದರೆ ‘ರಕ್ತದ’, ಆಯಿತು. ಜೀವಿಯಲ್ಲಿ ಯಾವ ವಿಕಾರವೂ ಉಂಟಾಗಲಿಲ್ಲ. ಷಷ್ಠೀವಿಭಕ್ತಿಯು ಮಾತ್ರ ಪ್ರಾಪ್ತವಾಯಿತು.

5. ಕಾಲಭೇದ. ಬಿಸಿ ಕಾಫಿ ಕುಡಿದ ಮೇಲೆ ಮುಂದಿನ ಹಲ್ಲುಗಳ ಜೀವಿಗಳು ನಿಶ್ಚೇಷ್ಟವಾಗಿರುವುದನ್ನೂ, ಹಿಂದಿನ ದವಡೆಹಲ್ಲಿನವು ಚಲಿಸುವುದನ್ನೂ ಲೇವೆನ್‌ಹುಕ್‌ನೇ ಗಮನಿಸಿದ್ದನು. ಆದಕಾರಣ ಪ್ರತಿ ಮಾದರಿಯೂ ಕಾಫಿಪೂರ್ವ, ಕಾಫ್ಯುತ್ತರ ಎಂದು ದ್ವಿವಿಧ. ಪ್ರತಿಯೊಂದೂ ಅಗ್ರದಂತೀಯ, ದವಡೀಯ ಎಂದು ಪುನರ್ದ್ವಿವಿಧ. ಎರಡನೆಯ ಲೋಟದ ವಿಚಾರವು ದ್ವಿತೀಯಾಧ್ಯಾಯಕ್ಕೆ ಸೇರಿದ್ದು.

ಮಾದರಿ ಕಳುಹಿಸುವ ವಾಚಕರು ಯಾವ ಹಲ್ಲು, ಕಾಫಿಗೆ ಮೊದಲೋ ಅನಂತರವೋ ಎಂಬುದನ್ನು ಚೀಟಿಯಲ್ಲಿ ಸ್ಪಷ್ಟವಾಗಿ ಬರೆಯತಕ್ಕದ್ದು.