ರೆಪೋಸೂತ್ರ ಭಾಷ್ಯ

ಅಥ ಬಡ್ಡಿವಿಚಾರಃ. ತರ್ಕಶಾಸ್ತ್ರದಲ್ಲಿ ಕಾರಣ ಮೊದಲು, ಕಾರ್ಯ ಆಮೇಲೆ. ದಲಾಲ್ ಸ್ಟ್ರೀಟಿನಲ್ಲಿ ಕಾರ್ಯವು ಮಧ್ಯಾಹ್ನ ಮೂರೂವರೆಗೆ ಮುಗಿದಿರುತ್ತದೆ. ಕಾರಣವು ನಾಲ್ಕು ಗಂಟೆಗೆ ಟಿವಿಯಲ್ಲಿ ಹುಟ್ಟುತ್ತದೆ. ಪ್ರಾಚೀನರು ಈ ವಿಷಯದಲ್ಲಿ ಮೌನ ವಹಿಸಿರುವುದರಿಂದ ಭಾಷ್ಯದ ಭಾರ ಪ್ರಸ್ತುತ ಲೇಖಕನ ಹೆಗಲಿಗೆ ಬಿದ್ದಿದೆ.

ಸೂತ್ರ 1: ದರ ಏರಿದರೆ ಪೇಟೆ ಬೀಳುತ್ತದೆ.

ದೃಷ್ಟಾಂತ: 2022ರ ಮೇ 4. ಜೀವವಿಮಾ ನಿಗಮದ ಷೇರು ಜನಸಾಮಾನ್ಯರಿಗೆ ತೆರೆದ ದಿನವೇ, ವೇಳಾಪಟ್ಟಿಯಲ್ಲಿಲ್ಲದ ಸಭೆ ಮುಗಿಸಿ, ರಿಸರ್ವ್ ಬ್ಯಾಂಕಿನ ಆಗಿನ ಗವರ್ನರ್ ಶಕ್ತಿಕಾಂತ ದಾಸ್ ಮಧ್ಯಾಹ್ನ ಎರಡಕ್ಕೆ ದರ್ಶನವಿತ್ತರು. ರೆಪೋ, ಅಂದರೆ ರಿಸರ್ವ್ ಬ್ಯಾಂಕ್ ಬೇರೆ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿದರ, ಶೇ 4ರಿಂದ 4.40ಕ್ಕೆ ಏರಿತು. ಸೆನ್ಸೆಕ್ಸ್ 1,300ಕ್ಕೂ ಹೆಚ್ಚು ಅಂಶ ಕುಸಿಯಿತು. ಪಂಡಿತರು ತಲೆದೂಗಿದರು.

ಸೂತ್ರ 2: ದರ ಏರಿದರೆ ಪೇಟೆ ಏರುತ್ತದೆ.

2023ರ ಫೆಬ್ರುವರಿ 8ರಂದು ರೆಪೋ 6.50ಕ್ಕೆ ಹೋಯಿತು, ಸೆನ್ಸೆಕ್ಸ್ 377 ಅಂಶ ಜಿಗಿಯಿತು. ಪಂಡಿತರು ಮತ್ತೆ ತಲೆದೂಗಿದರು, ಈ ಸಲ ಅಡ್ಡಡ್ಡ.

ಸೂತ್ರ 3: ದರ ಇಳಿದರೆ ಪೇಟೆ ಏರುತ್ತದೆ.

2025ರ ಜೂನ್ 6: ಅರ್ಧ ಪರ್ಸೆಂಟ್ ಇಳಿಕೆ, ಸುಮಾರು 747 ಅಂಶ ಏರಿಕೆ. ಇದು ಸುಲಭಗ್ರಾಹ್ಯವಾದ್ದರಿಂದ ಭಾಷ್ಯ ಬೇಕಿಲ್ಲ.

ಸೂತ್ರ 4: ದರ ಇಳಿದರೆ ಪೇಟೆ ಬೀಳುತ್ತದೆ.

ಕೋವಿಡ್ ಭೀತಿಯಲ್ಲಿ ಒಂದೇ ದಿನ ಶೇ 13ರಷ್ಟು ಕುಸಿದ 2020ರ ಮಾರ್ಚ್ 23ರ ಸೋಮವಾರ ಕಳೆದು, ಅದೇ ವಾರದ ಶುಕ್ರವಾರ ರಿಸರ್ವ್ ಬ್ಯಾಂಕ್ ಮುಕ್ಕಾಲು ಪರ್ಸೆಂಟ್ ಕಡಿತ ಮಾಡಿತು. ಪೇಟೆ 131 ಅಂಶ ಇಳಿಯಿತು. 2025ರ ಫೆಬ್ರುವರಿ 7ರಂದು, ಸುಮಾರು ಐದು ವರ್ಷಗಳ ಬಳಿಕ ಮೊದಲ ಕಡಿತ ಬಂದಾಗಲೂ 197 ಅಂಶ ಇಳಿಯಿತು.

ಪ್ರಮಾಣವಿಚಾರ. ದರದ ನಡೆಯನ್ನು ಮುಂಚಿತವಾಗಿ ಅರಿಯುವುದು ಹೇಗೆ? ಅನುಮಾನ ಪ್ರಮಾಣದಿಂದ. ಅಮೆರಿಕದಲ್ಲಿ ಅಲನ್ ಗ್ರೀನ್‌ಸ್ಪಾನ್ ಫೆಡರಲ್ ರಿಸರ್ವ್ ಅಧ್ಯಕ್ಷರಾಗಿದ್ದಾಗ, ಸಭೆಯ ಬೆಳಿಗ್ಗೆ ಸಿಎನ್‌ಬಿಸಿ ಕ್ಯಾಮೆರಾಗಳು ಅವರ ಕೈಚೀಲವನ್ನು ಹಿಂಬಾಲಿಸುತ್ತಿದ್ದವು. ಚೀಲ ಉಬ್ಬಿದ್ದರೆ ಕಾಗದಪತ್ರ ಹೆಚ್ಚು, ಆದ್ದರಿಂದ ದರ ಬದಲು; ತೆಳ್ಳಗಿದ್ದರೆ ಯಥಾಸ್ಥಿತಿ. ಉಬ್ಬಿಗೆ ಕಾರಣ ತಾನು ಕಟ್ಟಿಸಿಕೊಂಡ ಮಧ್ಯಾಹ್ನದ ಊಟವೆಂದು ಅವರೇ ಆಮೇಲೆ ಬರೆದರು. ಹೇತ್ವಾಭಾಸಕ್ಕೆ ಇದಕ್ಕಿಂತ ಪುಷ್ಟಿಕರ ಉದಾಹರಣೆ ನ್ಯಾಯಶಾಸ್ತ್ರದಲ್ಲಿಲ್ಲ.

ಪೂರ್ವಪಕ್ಷ. "ಸ್ವಾಮೀ, ನಾಲ್ಕೂ ಸೂತ್ರಗಳು ಒಂದಕ್ಕೊಂದು ಜುಟ್ಟು ಹಿಡಿದಿವೆಯಲ್ಲ?"

ಸಿದ್ಧಾಂತ. ಹಿಡಿದಿಲ್ಲ. ಪೇಟೆ ಅಲುಗುವುದು ದರಕ್ಕಲ್ಲ, ಅನಿರೀಕ್ಷಿತಕ್ಕೆ. ಎಲ್ಲರೂ ಎಣಿಸಿದ್ದ ಏರಿಕೆಯ ಬೆಲೆ ಷೇರಿನಲ್ಲಿ ಹಿಂದಿನ ವಾರವೇ ಸೇರಿಹೋಗಿರುತ್ತದೆ. ಉಳಿಯುವುದು ಎಣಿಕೆಗೂ ಘೋಷಣೆಗೂ ನಡುವಣ ಅಂತರ. 2022ರ ಮೇನಲ್ಲಿ ಯಾರೂ ಕಾಯದಿದ್ದದ್ದು ಬಂತು. 2025ರ ಫೆಬ್ರುವರಿಯಲ್ಲಿ ಎಲ್ಲರೂ ಕಾದಿದ್ದಷ್ಟೇ ಬಂತು. ಆದರೆ "ಎಣಿಸಿದ್ದೇ ಆಯಿತು" ಎಂದು ಟಿವಿಯಲ್ಲಿ ಅರ್ಧ ಗಂಟೆ ಮಾತಾಡಲಾಗದು. ಆದ್ದರಿಂದ ಕಾರಣಗಳ ಉತ್ಪಾದನೆ.

ಅಪವಾದ. ಸಾಲಪತ್ರಕ್ಕೆ ಈ ಲೀಲೆಯಿಲ್ಲ. ಬಡ್ಡಿಯೂ ಹಳೆಯ ಸಾಲಪತ್ರದ ಬೆಲೆಯೂ ಏತದ ಎರಡು ತುದಿ: ಒಂದು ಮೇಲಾದರೆ ಇನ್ನೊಂದು ಕೆಳಗೆ. ಇದನ್ನು ಮರೆತ ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕ್, ಕಡಿಮೆ ಬಡ್ಡಿಯ ಕಾಲದಲ್ಲಿ ದೀರ್ಘಾವಧಿ ಪತ್ರಗಳನ್ನು ರಾಶಿ ಹಾಕಿಕೊಂಡಿತು. ಫೆಡ್ ಒಂದು ವರ್ಷ ದರ ಏರಿಸಿತು. ಠೇವಣಿದಾರರು ಹಣ ಕೇಳಿದಾಗ ಪತ್ರಗಳನ್ನು ನಷ್ಟಕ್ಕೆ ಮಾರಬೇಕಾಯಿತು. 2023ರ ಮಾರ್ಚ್ 10ರಂದು ಬಾಗಿಲು ಬಿತ್ತು.

ಅಂತ್ಯ ಪ್ರಕರಣ. ಹಾಗಾದರೆ ರೆಪೋವಿನ ನಿಶ್ಚಿತ ಫಲ ಯಾವುದು? ಗೃಹಸಾಲ. 2019ರ ಅಕ್ಟೋಬರಿನಿಂದ ಬ್ಯಾಂಕಿನ ಹೊಸ ಚರ ಬಡ್ಡಿ ಗೃಹಸಾಲಗಳು ಹೊರಗಿನ ಮಾನದಂಡಕ್ಕೆ, ಹೆಚ್ಚಾಗಿ ರೆಪೋಗೆ, ಗಂಟುಬಿದ್ದಿವೆ. ಶೇ 7ರ ಬಡ್ಡಿಗೆ 20 ವರ್ಷದ ಸಾಲವೆನ್ನಿ: ಲಕ್ಷಕ್ಕೆ ತಿಂಗಳ ಕಂತು 775 ರೂಪಾಯಿ. ರೆಪೋ ಏರಿದಂತೆ ಎರಡೂವರೆ ಸೇರಿ 9.5 ಆಯಿತೆನ್ನಿ: ಲಕ್ಷಕ್ಕೆ ತಿಂಗಳ ಬಡ್ಡಿಯೇ 791. ಅದೇ ಕಂತಿನಲ್ಲಿ ಮುಂದುವರಿದರೆ ಸಾಲಕ್ಕೆ ಆದಿಯುಂಟು, ಅಂತ್ಯವಿಲ್ಲ; ಕಟ್ಟಿದಷ್ಟೂ ವೃದ್ಧಿ. ವೇದಾಂತಿಗಳು ಅರಸುತ್ತಿದ್ದ ಅನಂತ ವಸ್ತು ಹೀಗೆ ಪಾಸ್‌ಬುಕ್ಕಿನಲ್ಲಿ ಗೋಚರಿಸುತ್ತದೆ. ಪೇಟೆ ಮಿಥ್ಯೆ, ಕಂತು ಸತ್ಯ.

ಫಲಶ್ರುತಿ. ಈ ಭಾಷ್ಯವನ್ನು ಎರಡು ತಿಂಗಳಿಗೊಮ್ಮೆ, ನೀತಿಸಮಿತಿ ಸೇರಿದಾಗ, ಓದಿದವರಿಗೆ ಷೇರಿನಲ್ಲಿ ಲಾಭವಾಗದು. ಆದರೆ ದರ ಏರಿದಾಗ ಕಂತು ಹೆಚ್ಚಿಸಬೇಕೋ ಅವಧಿ ಹೆಚ್ಚಿಸಬೇಕೋ ಎಂದು ಬ್ಯಾಂಕಿನವರು ಕೇಳಲೇಬೇಕೆಂಬ 2023ರ ಆಗಸ್ಟಿನ ನಿಯಮ ನೆನಪಿರುತ್ತದೆ. ಎರಡೂ ಬೇಡವೆನ್ನುವ ಮುಮುಕ್ಷುಗಳು ಅಸಲು ಕಟ್ಟಿ ಮುಕ್ತರಾಗಬಹುದು.