ಗುಲಾಬಿ ಗೊಬ್ಬರ ಮೀಮಾಂಸೆ

ಜೀವ, ಜಗತ್ತು, ಬ್ರಹ್ಮಗಳ ವಿಚಾರವನ್ನು ಸಾಂಗವಾಗಿ ನಡೆಸಿದ ಪೂರ್ವಾಚಾರ್ಯರು ತಾರಸಿಯ ಗುಲಾಬಿ ಕುಂಡಕ್ಕೆ ಏನು ಹಾಕಬೇಕೆಂಬ ಬಗ್ಗೆ ಒಂದು ಟಿಪ್ಪಣಿಯನ್ನೂ ಬರೆದಿಡಲಿಲ್ಲ. ಆ ಲೋಪವನ್ನು ತುಂಬಲು ಈ ಕಿರುಗ್ರಂಥ.

ವಿಷಯ: ಲಾಲ್‌ಬಾಗಿನ ಜನವರಿ ಫಲಪುಷ್ಪ ಪ್ರದರ್ಶನದಿಂದ ಆಟೊದಲ್ಲಿ ಬಂದಿಳಿದ ಕಸಿ ಗುಲಾಬಿ. ಬಂದಾಗ ಅಂಗೈಯಗಲದ ಹೂವಿತ್ತು. ಆಮೇಲೆ ಅದು ಹೂ ಬಿಡುವುದನ್ನೇ ಬಿಟ್ಟಿದೆ.

ಸಂಶಯ: ಯಾವ ಸಾವಯವ ಗೊಬ್ಬರ ಹಾಕಬೇಕು? ಇದಕ್ಕೆ ಪ್ರಮಾಣಗಳು ಮೂರು. ಎದುರುಮನೆಯವರ ಗಿಡದಲ್ಲಿರುವ ಹೂ ಪ್ರತ್ಯಕ್ಷ. ಅವರು ರಾತ್ರಿ ಹೊತ್ತು ಕದ್ದು ಯೂರಿಯಾ ಹಾಕುತ್ತಾರೆಂಬುದು ಅನುಮಾನ. ವಾಟ್ಸಾಪಿನಲ್ಲಿ ಬಂದದ್ದೆಲ್ಲ ಶಬ್ದ.

ಪೂರ್ವಪಕ್ಷ: ಇಲ್ಲಿ ನಾಲ್ಕು ಪಂಥಗಳಿವೆ.

ಸಿಪ್ಪೆವಾದಿಗಳು ಬಾಳೆಹಣ್ಣಿನ ಸಿಪ್ಪೆಯ ಪೊಟ್ಯಾಶನ್ನೂ ಮೊಟ್ಟೆಚಿಪ್ಪಿನ ಸುಣ್ಣವನ್ನೂ ನಂಬಿದವರು. ಎರಡೂ ಇರುವುದು ದಿಟ. ಆದರೆ ತಿಂಗಳುಗಟ್ಟಲೆ ಬಿಟ್ಟು ಕುಂಡ ಬಗೆದರೂ ಚಿಪ್ಪು ಹಾಕಿದ ಹಾಗೇ ಕೂತಿರುತ್ತದೆ.

ಎಲುಬುವಾದಿಗಳದು ರಂಜಕ ಪಕ್ಷ. ಎಲುಬಿನ ಪುಡಿ ಹುಳಿ ಮಣ್ಣಿನಲ್ಲಷ್ಟೇ ಸಲೀಸಾಗಿ ಕರಗುತ್ತದೆ. ಮಡಿವಂತರ ಮನೆಗೆ ಇದಕ್ಕೆ ಪ್ರವೇಶವಿಲ್ಲ. ಪ್ರವೇಶವಿರುವ ಮನೆಯಲ್ಲಿ ನಾಯಿಯೇ ಕುಂಡ ಕೆದಕಿ ಈ ವಾದವನ್ನು ಖಂಡಿಸುತ್ತದೆ.

ಹಿಂಡಿವಾದಿಗಳಲ್ಲಿ ಬೇವು, ಹೊಂಗೆ, ಕಡಲೆಕಾಯಿ ಎಂಬ ಒಳಭೇದಗಳುಂಟು. ಸಾರಜನಕದಲ್ಲಿ ಕಡಲೆಕಾಯಿ ಹಿಂಡಿ ಸುಮಾರು ಶೇ. 7, ಬೇವು ಸುಮಾರು ಶೇ. 5. ಆದರೆ ಕಡಲೆಕಾಯಿ ಹಿಂಡಿಯನ್ನು ಮೂರು ದಿನ ನೆನೆಸಿದರೆ ತಿಳಿ ಗಿಡಕ್ಕೂ ವಾಸನೆ ಕೆಳಗಿನ ಮನೆಯವರಿಗೂ ಸಲ್ಲುತ್ತದೆ.

ಜೀವಾಮೃತವಾದಿಗಳು ನೈಸರ್ಗಿಕ ಕೃಷಿಯ ಪ್ರಚಾರಕ ಸುಭಾಷ್ ಪಾಳೇಕರರ ಅನುಯಾಯಿಗಳು. 200 ಲೀಟರ್ ನೀರು, 10 ಕಿಲೊ ಸಗಣಿ, ಗಂಜಲ, ಬೆಲ್ಲ, ದ್ವಿದಳ ಧಾನ್ಯದ ಹಿಟ್ಟು, ಹಿಡಿ ಮಣ್ಣು. ಇದು ಎಕರೆಯ ಲೆಕ್ಕ. ಎರಡು ಕುಂಡಕ್ಕೆ ಭಾಗಿಸುವಷ್ಟರಲ್ಲಿ ಬೆಲ್ಲಕ್ಕೆ ಇರುವೆ ಹತ್ತಿರುತ್ತದೆ.

ಸಿದ್ಧಾಂತ: ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವೇ ಮುಖ್ಯ, ಬೇವಿನ ಹಿಂಡಿ ಅದಕ್ಕೆ ಅಂಗ. ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ಶೇ. ಅರ್ಧದಷ್ಟೇ ಇದ್ದರೂ ಅದು ಮಣ್ಣನ್ನು ಸಡಿಲಗೊಳಿಸಿ ಸೂಕ್ಷ್ಮಜೀವಿಗಳನ್ನು ಸಾಕುತ್ತದೆ. ಅವು ಕರಗಿಸಿ ಕೊಡದೆ ಯಾವ ಹಿಂಡಿಯೂ ಬೇರಿಗೆ ದಕ್ಕದು. ಹಸಿ ಸಗಣಿ ಬೇರು ಸುಟ್ಟು, ಗೊಣ್ಣೆಹುಳುವನ್ನೂ ಕರೆತರುತ್ತದೆ. ಕಳಿತ ಗೊಬ್ಬರ ಕೈಗೆತ್ತಿಕೊಂಡರೆ ಬಿಸಿಯಿರಬಾರದು, ಉದುರುದುರಾಗಿರಬೇಕು, ಸಗಣಿಯ ವಾಸನೆ ಹೋಗಿರಬೇಕು. ಅಕ್ಟೋಬರಿನಲ್ಲಿ ಚಾಟಣಿ ಮಾಡಿ, ಬುಡಕ್ಕೆ ತಾಗದಂತೆ ಸುತ್ತ ಹರಡಿ, ಮೇಲ್ಮಣ್ಣಿಗೆ ಬೆರೆಸಿ ನೀರು ಹಾಕುವುದು ವಿಧಿ.

ಹೀಗೆ ಮಾಡಿಯೂ ಹೂವಿಲ್ಲವಲ್ಲ ಎಂದು ಆಕ್ಷೇಪಿಸಿದರೆ, ಕಸಿಯ ಗಂಟನ್ನು ನೋಡತಕ್ಕದ್ದು. ಅದರ ಕೆಳಗಿನಿಂದ ಸೊಂಪಾದ ಕೊಂಬೆ ಚಿಮ್ಮಿದ್ದನ್ನು ಕಂಡು ಗೊಬ್ಬರ ಫಲಿಸಿತೆಂದು ಬೀಗುವುದು ಹಗ್ಗದಲ್ಲಿ ಹಾವು ಕಂಡಂಥ ಭ್ರಾಂತಿ. ಅದು ಬೇರುಗಿಡದ ಚಿಗುರು. ಹಾಕಿದ್ದನ್ನೆಲ್ಲ ಅದೇ ಉಂಡು ಮೇಲಿನ ಗುಲಾಬಿಯನ್ನು ಉಪವಾಸ ಕೆಡವುತ್ತದೆ. ಬುಡಸಮೇತ ಚಿವುಟಿ ಹಾಕುವುದೇ ಪರಿಹಾರ.

ಪ್ರಯೋಜನ: ನರ್ಸರಿಗೆ ಹೊರಡುವ ಮೊದಲು ಕುಂಡವನ್ನು ನೀರಿನ ಟ್ಯಾಂಕಿನ ನೆರಳಿನಿಂದ ಆಚೆಗೆ ಎಳೆಯಿರಿ. ದಿನಕ್ಕೆ ಆರು ಗಂಟೆ ಬಿಸಿಲು ಕಾಣದ ಗುಲಾಬಿಗೆ ಯಾವ ಪಂಥದ ಗೊಬ್ಬರದಿಂದಲೂ ಮೋಕ್ಷವಿಲ್ಲ.